ಉಂಡೆಯ ಕೊನೆಯ ಮೊಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಯಾವ ಭಾಗವನ್ನೂ ಯಾರೂ ಎಸೆಯುವುದಿಲ್ಲ. ಕಾಯಿ ಅಟ್ಟ ಸೇರಿ ವರ್ಷದ ಹೊತ್ತಿಗೆ ಉಂಡೆ ಕೊಬ್ಬರಿಯಾಗಿ ಇಳಿಯುತ್ತದೆ. ಮಟ್ಟೆ ನಾರಾಗುತ್ತದೆ, ಚಿಪ್ಪು ಒಲೆಗೋ ಇದ್ದಿಲಿಗೋ ಹೋಗುತ್ತದೆ, ಸೋಗೆ ಚಪ್ಪರವಾಗುತ್ತದೆ, ಗರಿಯ ಕಡ್ಡಿ ಪೊರಕೆಯಾಗುತ್ತದೆ. ಅದೇ ಮನೆಗಳ ಬೀರುವಿನ ಮೇಲೆ ಮಾತ್ರ ಒಂದು ಕವರಿನ ತುಂಬ ಉಲ್ಲನ್ ತುಂಡುಗಳು ವರ್ಷಗಟ್ಟಲೆ ಕೂತಿರುತ್ತವೆ. ಅರ್ಧ ಉಂಡೆ ಹಸಿರು, ಕಾಲು ಉಂಡೆ ಕೆಂಪು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಹಳದಿ. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿ ಗೊತ್ತಿಲ್ಲ.

ಇಷ್ಟು ನೂಲು ಉಳಿಯುವುದಕ್ಕೆ ಇಲ್ಲಿಯದೇ ಆದ ಕಾರಣವಿದೆ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಬ್ಬೇಘಟ್ಟದ ಸುತ್ತಮುತ್ತ ಚಳಿ ಎಂದರೆ ಧನುರ್ಮಾಸದ ಒಂದಷ್ಟು ಬೆಳಗುಗಳು, ಅಷ್ಟೇ. ದೊಡ್ಡವರಿಗೆ ಸ್ವೆಟರ್ ಹೆಣೆಯುವವರು ಕಡಿಮೆ. ನೂಲು ಖರ್ಚಾಗುವುದು ಬಾಗಿಲ ತೋರಣಕ್ಕೆ, ದೇವರ ಮನೆಯ ಪರದೆಗೆ, ಟಿ.ವಿ. ಹೊದಿಕೆಗೆ, ಕೂಸಿನ ಕುಲಾವಿಗೆ, ಕಾಲುಚೀಲಕ್ಕೆ. ಸ್ವೆಟರಿಗಾದರೆ ಒಂದೇ ಬಣ್ಣದ ನಾಲ್ಕೈದು ಉಂಡೆ ತಂದರೆ ಮುಗಿಯಿತು, ಉಳಿದರೂ ಒಂದೇ ಕಡೆ ಉಳಿಯುತ್ತದೆ. ತೋರಣದ ಲೆಕ್ಕ ಹಾಗಲ್ಲ. ಮಾವಿನೆಲೆಗೆ ಎರಡು ಬಗೆಯ ಹಸಿರು, ಕಳಶಕ್ಕೆ ಹಳದಿ, ಹೂವಿಗೆ ಗುಲಾಬಿ, ಗಿಳಿಯ ಕೊಕ್ಕಿಗೆ ಕೆಂಪು. ಕೊಕ್ಕಿಗೆ ಬೇಕಾದದ್ದು ಎರಡು ಮೊಳ, ಅಂಗಡಿಯಲ್ಲಿ ಕೊಡುವುದು ಇಡೀ ಉಂಡೆ. ಒಂದು ತೋರಣ ಮುಗಿಯುವ ಹೊತ್ತಿಗೆ ಐದಾರು ಬಣ್ಣದಲ್ಲಿ ಐದಾರು ಅಳತೆಯ ಉಳಿಕೆ ಕೈಯಲ್ಲಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ತಿಪಟೂರಿಗೋ ಬೆಂಗಳೂರಿನ ಚಿಕ್ಕಪೇಟೆಗೋ ಹೋಗಿ ನೂಲು ಆರಿಸಿ ತರುವುದು ಸುಲಭವಾಗಿದೆ. ಅದು ಒಳ್ಳೆಯದೇ ಆಯಿತು. ಆದರೆ ಮತ್ತೆ ನೂಲು ತರುವ ಮುಂಚೆ ಬೀರುವಿನ ಮೇಲಿನ ಕವರನ್ನು ಒಮ್ಮೆ ಇಳಿಸಬೇಕು ಎಂದು ಹೇಳಲೆಂದೇ ಈ ಬರಹ.

ಉಳಿದ ನೂಲಿನಲ್ಲಿ ಕೈಹಾಕಿದ ಕೆಲಸ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಮೊದಲು ಚಂದದ ಒಂದು ಮಾದರಿ ನೋಡಿ ಮನಸ್ಸಾಗುತ್ತದೆ, ಆಮೇಲೆ ಇರುವ ನೂಲನ್ನು ಅದಕ್ಕೆ ಹೊಂದಿಸಲು ಹೊರಡುತ್ತೇವೆ. ಮುಕ್ಕಾಲು ಭಾಗದಲ್ಲಿ ನೂಲು ಮುಗಿಯುತ್ತದೆ. ಅದೇ ಬಣ್ಣ ಹುಡುಕಿಕೊಂಡು ಹೋದರೆ ಸಿಗುವುದು ಒಂದು ಛಾಯೆ ಆಚೀಚೆ, ಏಕೆಂದರೆ ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ನೂಲುಗಳು ತುಸು ಬೇರೆಯಾಗಿಯೇ ಇರುತ್ತವೆ. ಹೊಸ ಉಂಡೆ ಕೊಂಡು ಕೆಲಸ ಮುಗಿಸಿದರೆ ಮತ್ತೆ ಉಳಿಕೆ. ಈ ಸುತ್ತಿನಿಂದ ಹೊರಬರಬೇಕಾದರೆ ಕ್ರಮವನ್ನು ತಿರುಗಿಸಬೇಕು. ಕೈಯಲ್ಲಿ ಎಷ್ಟು ನೂಲಿದೆ, ಯಾವ ಜಾತಿಯದು ಎಂದು ಮೊದಲು ನೋಡಿ, ಅದು ಏನಾಗಬಲ್ಲದೋ ಅದನ್ನೇ ಮಾಡಬೇಕು.

ಈ ಬಗೆಯ ಕೆಲಸಕ್ಕೆ ಕ್ರೋಶಾದಷ್ಟು ಒದಗುವುದು ಇನ್ನೊಂದಿಲ್ಲ. ಎರಡು ಕಡ್ಡಿಯ ಹೆಣಿಗೆಯಲ್ಲಿ ನೂರಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಇರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಕುಣಿಕೆ, ಹಿಂದಿನದೆಲ್ಲ ಆಗಲೇ ಕಟ್ಟಿಕೊಂಡಿರುತ್ತದೆ. ಹಾಲು ಉಕ್ಕಿತೆಂದು ನಡುವೆ ಎದ್ದು ಹೋದರೂ ತೊಂದರೆಯಿಲ್ಲ. ಎಲ್ಲಿ ಬೇಕಾದರೂ ಬಣ್ಣ ಬದಲಿಸಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಮನಸ್ಸಿಗೆ ಬಾರದಿದ್ದರೆ ತುದಿ ಎಳೆದು ಇಡೀ ಕೆಲಸವನ್ನು ಮತ್ತೆ ಉಂಡೆ ಮಾಡಬಹುದು. ಅದೇ ಅಗಲಕ್ಕೆ ಹೆಣಿಗೆಗಿಂತ ಕ್ರೋಶಾ ಹೆಚ್ಚು ನೂಲು ತಿನ್ನುತ್ತದೆ ಎಂಬುದು ನಿಜ. ನೂಲು ಖರ್ಚು ಮಾಡುವುದೇ ಉದ್ದೇಶವಾದಾಗ ಅದೂ ಅನುಕೂಲವೇ.

ಸಲಕರಣೆ ಎಂದರೆ ಒಂದು ಕೊಕ್ಕೆಯ ಕಡ್ಡಿ. ಊರಿನ ಫ್ಯಾನ್ಸಿ ಸ್ಟೋರಿನಲ್ಲಿ ಪೋನಿ ಎಂಬ ಹೆಸರಿನ ಕಡ್ಡಿ ಸಿಕ್ಕರೆ, ಅದು ನೀಲಗಿರಿ ಬೆಟ್ಟದ ಕೇತ್ತಿ ಬಳಿಯ ನೀಡಲ್ ಇಂಡಸ್ಟ್ರೀಸ್ ಕಾರ್ಖಾನೆಯ ಸರಕು. ಮಾಮೂಲಿ ಉಲ್ಲನ್ ನೂಲಿಗೆ ಮೂರೂವರೆಯಿಂದ ನಾಲ್ಕೂವರೆ ಮಿಲಿಮೀಟರಿನ ಕಡ್ಡಿ ಸಾಕು. ಲೇಸಿನ ಸಣ್ಣ ಹತ್ತಿ ದಾರಕ್ಕೆ ಒಂದು, ಒಂದೂವರೆ ಮಿಲಿಮೀಟರಿನ ಉಕ್ಕಿನ ಕಡ್ಡಿ ಬೇಕು. ಆ ಸಣ್ಣ ದಾರವೇ ಮೂರ್ನಾಲ್ಕು ಎಳೆ ಸೇರಿಸಿ ಹಿಡಿದರೆ ದಪ್ಪ ಕಡ್ಡಿಗೂ ಒಗ್ಗುತ್ತದೆ. ಬೇರೆ ಬೇರೆ ದಪ್ಪದ ಉಳಿಕೆಗಳನ್ನು ಒಂದು ಮಾಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಮೊದಲು ಜಾತಿ ಗುರುತಿಸಿ

ಅಂಗಡಿಯಲ್ಲಿ ನಾವು ಉಲ್ಲನ್ ಎಂದು ಕೇಳಿ ತರುವುದರಲ್ಲಿ ಬಹುಪಾಲು ಕುರಿಯ ಉಣ್ಣೆಯಲ್ಲ. ಅದು ಅಕ್ರಿಲಿಕ್, ಕಾರ್ಖಾನೆಯಲ್ಲಿ ರಾಸಾಯನಿಕದಿಂದ ಎಳೆದ ನೂಲು. ಅದರ ನೂರರಲ್ಲಿ 85 ಪಾಲಿಗೂ ಕಡಿಮೆಯಿಲ್ಲದಂತೆ ಇರುವುದು ಅಕ್ರಿಲೋನೈಟ್ರೈಲ್ ಎಂಬ ವಸ್ತು. ಅಮೆರಿಕದ ಡ್ಯೂಪಾಂಟ್ ಕಂಪನಿ 1941ರಲ್ಲಿ ಇದನ್ನು ಕಂಡುಹಿಡಿದು 1950ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಹಗುರ, ಅಗ್ಗ, ಬಣ್ಣ ಬಿಡುವುದಿಲ್ಲ, ಹುಳು ತಿನ್ನುವುದಿಲ್ಲ. ತೋರಣಕ್ಕೆ ಇದಕ್ಕಿಂತ ಒಳ್ಳೆಯ ನೂಲು ಸಿಗುವುದು ಕಷ್ಟ. ಆದರೆ ಇದು ಪ್ಲಾಸ್ಟಿಕ್ಕಿನ ಸಂಬಂಧಿ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಿಸಿ ಪಾತ್ರೆ ಹಿಡಿಯಲು ಉಲ್ಲನ್ನಿನ ಹಿಡಿಬಟ್ಟೆ ಮಾಡಿಕೊಡುವವರನ್ನು ಕಂಡಾಗಲೆಲ್ಲ ನನಗೆ ಭಯವಾಗುತ್ತದೆ. ಒಲೆಯ ಮೇಲಿನ ಬಾಣಲೆಯ ಕಿವಿ ಹಿಡಿಯುವುದಕ್ಕೆ ಹತ್ತಿಯೇ ಆಗಬೇಕು, ಅದೂ ಎರಡು ಪದರ.

ಲೇಬಲ್ ಹರಿದು ಹೋದ ಉಂಡೆಯ ಜಾತಿ ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ನೀರಿಟ್ಟುಕೊಂಡು, ನಾಲ್ಕು ಬೆರಳಿನಷ್ಟು ಎಳೆಯನ್ನು ಇಕ್ಕಳದಲ್ಲಿ ಹಿಡಿದು ತುದಿಗೆ ಕಡ್ಡಿ ಗೀರಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ನಾತ, ಬೆಂಕಿ ತಾನಾಗಿ ಆರಿಹೋಗುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕಪ್ಪು ಹೊಗೆ ಎಬ್ಬಿಸಿ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರ ಕೂರಿಸಿ ಮಾಡುವ ಕೆಲಸ ಇದು. ಕೆಂಪು, ಕಡುನೀಲಿ ಹತ್ತಿ ನೂಲಿಗೆ ಇನ್ನೊಂದು ಪರೀಕ್ಷೆ ಬೇಕು. ಬಿಳಿ ಬಟ್ಟೆಯಲ್ಲಿ ಒದ್ದೆ ನೂಲನ್ನು ಸುತ್ತಿಟ್ಟು ನೋಡಬೇಕು. ಬಣ್ಣ ಬಿಟ್ಟರೆ ಬಿಳಿಯ ಪಕ್ಕ ಅದನ್ನು ಹಾಕಬಾರದು.

ಹೀಗೆ ವಿಂಗಡಿಸಿದ ಮೇಲೆ ಎರಡು ಗುಡ್ಡೆ ಆಗುತ್ತವೆ. ಹತ್ತಿಯದು ಅಡುಗೆಮನೆಗೆ, ಚೀಲಕ್ಕೆ, ನೀರು ತಾಗುವ ಕಡೆಗೆ. ಅಕ್ರಿಲಿಕ್ ಅಲಂಕಾರಕ್ಕೆ, ಹೊದಿಕೆಗೆ, ದನಕರುಗಳ ಸಿಂಗಾರಕ್ಕೆ. ಎರಡನ್ನೂ ಒಂದೇ ವಸ್ತುವಿನಲ್ಲಿ ಬೆರೆಸಿದರೆ ತೊಳೆದಾಗ ಹತ್ತಿ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ, ಅಂಚು ಸೊಟ್ಟಗಾಗುತ್ತದೆ.

ಒಂದೇ ಲೆಕ್ಕ, ಮೂರು ವಸ್ತು

ಕಲಿಯುವವರಿಗೆ ಮಾದರಿಗಳ ಪುಸ್ತಕ ಕೊಡುವುದಕ್ಕಿಂತ ದುಂಡಗಿನ ಕೆಲಸದ ಲೆಕ್ಕ ಹೇಳಿಕೊಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ಇಷ್ಟು: ಗಿಡ್ಡ ಹೊಲಿಗೆಯಲ್ಲಿ, ಅಂದರೆ ಸಿಂಗಲ್ ಕ್ರೋಶಾದಲ್ಲಿ, ಮೊದಲ ಸುತ್ತಿಗೆ 6 ಹಾಕಿದರೆ ಪ್ರತಿ ಸುತ್ತಿಗೂ 6 ಹೆಚ್ಚಿಸುತ್ತಾ ಹೋಗಬೇಕು. 6, 12, 18, 24. ಎತ್ತರದ ಕಂಬದ ಹೊಲಿಗೆಯಾದರೆ 12ರಿಂದ ಶುರುವಾಗಿ ಪ್ರತಿ ಸುತ್ತಿಗೂ 12 ಹೆಚ್ಚು. 12, 24, 36. ಹೀಗೆ ಸಮನಾಗಿ ಹಂಚಿ ಹೆಚ್ಚಿಸಿದರೆ ಚಪ್ಪಟೆ ವೃತ್ತ ಬರುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದ ಕೂಡಲೇ ಅಂಚು ಮೇಲೇಳುತ್ತದೆ, ಬಟ್ಟಲಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಹಾಕಿದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯುತ್ತದೆ. ಈ ನೆರಿಗೆ ಸಣ್ಣ ವಿಷಯವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ದೈನಾ ತೈಮಿನಾ 1997ರಲ್ಲಿ ಕ್ರೋಶಾ ಕಡ್ಡಿ ಹಿಡಿದು, ಹೀಗೆ ಒಂದೇ ಪ್ರಮಾಣದಲ್ಲಿ ಹೊಲಿಗೆ ಹೆಚ್ಚಿಸುತ್ತಾ ಹೋಗಿ, ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ಮಡಿಸಿ ನೋಡುವಂತೆ ಮಾಡಿದರು. ಅದುವರೆಗೆ ಕಾಗದದ ತುಂಡುಗಳನ್ನು ಅಂಟಿಸಿ ಮಾಡುತ್ತಿದ್ದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ನಮ್ಮ ತೋರಣದ ಚೆಂಡುಹೂವಿನಲ್ಲಿ ಇರುವುದೂ ಅದೇ ನೆರಿಗೆ.

ಚಪ್ಪಟೆ ವೃತ್ತ ಬಂತೆಂದರೆ ಲೋಟದ ಕೆಳಗಿಡುವ ಬಿಲ್ಲೆ ಬಂತು. ಅಂಗೈಯಗಲದ ನಾಲ್ಕು ಬಿಲ್ಲೆಗೆ ಒಂದು ಹಿಡಿ ಹತ್ತಿ ನೂಲು ಸಾಕು. ನೂಲು ಹೆಚ್ಚಿದ್ದರೆ ಎಳೆಗಳನ್ನು ಸೇರಿಸಿ ದಪ್ಪ ಮಾಡಿಕೊಂಡು ಅನ್ನದ ಪಾತ್ರೆಗೆ ಸಿಂಬಿ ಮಾಡಬಹುದು. ಸಿಂಬಿಗೆ ನಡುವೆ ತೂತು ಬೇಕು. ಹಾಗಾಗಿ ಆರರಿಂದ ಅಲ್ಲ, ಸರಪಳಿ ಹೊಲಿಗೆಯ, ಅಂದರೆ ಚೈನಿನ, ಉದ್ದನೆಯ ಬಳೆಯಿಂದ ಶುರುಮಾಡಬೇಕು. ಹಳೆಯ ಹತ್ತಿ ಸೀರೆಯ ಪಟ್ಟಿಯನ್ನು ಒಳಗೆ ಸುರುಳಿ ಸುತ್ತಿ ಅದರ ಮೇಲೆ ನೂಲು ಹೆಣೆದರೆ ಅದು ಬಿಸಿಯನ್ನೂ ತಡೆಯುತ್ತದೆ, ಭಾರವನ್ನೂ ಹೊರುತ್ತದೆ.

ಬಟ್ಟಲಿನ ಆಕಾರ ಕುಲಾವಿಯಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಅದನ್ನು ಮೂರು ಚಿಲ್ಲರೆಯಿಂದ ಭಾಗಿಸಿದರೆ ಸುಮಾರು 11. ವೃತ್ತದ ಅಡ್ಡಗಲ 10, 11 ಸೆಂಟಿಮೀಟರ್ ಮುಟ್ಟುವವರೆಗೆ ಹೆಚ್ಚಿಸುತ್ತಾ ಹೋಗಿ, ಅಲ್ಲಿಂದ ಹೆಚ್ಚಿಸದೆ ಕಿವಿ ಮುಚ್ಚುವಷ್ಟು ಇಳಿಸಿದರೆ ಕುಲಾವಿ ಮುಗಿಯಿತು. ಸುತ್ತಿಗೊಂದು ಬಣ್ಣ ಹಾಕಿದರೂ ಚಂದವೇ. ಇಲ್ಲಿ ಮಾತ್ರ ಉಳಿಕೆಯಲ್ಲಿ ಆಯ್ಕೆ ಇರಲಿ. ಕೆನ್ನೆಗೆ ಉಜ್ಜಿ ನೋಡಿ ಚುಚ್ಚದ ನೂಲನ್ನಷ್ಟೇ ತೆಗೆದುಕೊಳ್ಳಬೇಕು. ಮಣಿ ಬೇಡ, ಕಿತ್ತು ಬರುವ ಗೊಂಡೆ ಬೇಡ, ಕೊರಳಿಗೆ ಸುತ್ತಿಕೊಳ್ಳುವಷ್ಟು ಉದ್ದದ ಕಟ್ಟು ಬೇಡ. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಂಟಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯಲ್ಲಿ ಕೂಸಿನ ಮೈಮೇಲೆ ಇರುವುದೇ ಲಂಗೋಟಿ, ಕಾಲುಚೀಲ, ಟೋಪಿ. ಹೆರಿಗೆ ಆಸ್ಪತ್ರೆಗೆ ಕೊಡುವ ಮನಸ್ಸಿದ್ದರೆ ಅಲ್ಲಿನ ದಾದಿಯರನ್ನು ಕೇಳಿ, ಅವರು ಹೇಳಿದ ಅಳತೆಗೆ ಹೆಣೆದು, ತೊಳೆದು ಒಣಗಿಸಿ ಕೊಡಬೇಕು.

ಸಣ್ಣ ತುಂಡು ನಡುವೆ

ಹೊದಿಕೆಗೆ ಹೋಗುವ ಚೌಕದ ತುಂಡನ್ನು ಎಲ್ಲರೂ ನೋಡಿರುತ್ತಾರೆ. ನಡುವೆ ಒಂದು ಬಣ್ಣ, ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಗ್ರಾನಿ ಸ್ಕ್ವೇರ್ ಎಂದು ಜಗತ್ತಿನಾದ್ಯಂತ ಹೆಸರಾದ ಈ ಚೌಕದ ಮಾದರಿ ಅಚ್ಚಿನಲ್ಲಿ ಮೊದಲು ಕಾಣಿಸಿದ್ದು 1885ರಲ್ಲಿ, ಅಮೆರಿಕದ ಪ್ರೇರಿ ಫಾರ್ಮರ್ ಎಂಬ ರೈತರ ಪತ್ರಿಕೆಯಲ್ಲಿ. ಹೆಣ್ಣುಮಗಳೊಬ್ಬಳು ಬರೆದು ಕಳಿಸಿದ ವಿಧಾನ ಅದು. ಉಳಿಕೆ ನೂಲಿನ ವಿದ್ಯೆ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿದೆ ಅನ್ನಿಸುತ್ತದೆ.

ಅದರೊಳಗಿನ ಲೆಕ್ಕ ನನಗೆ ಬಹಳ ಇಷ್ಟ. ನಾಲ್ಕು ಚೈನಿನ ಬಳೆ ಮಾಡಿ, ಅದರೊಳಗೆ ಮೂರು ಮೂರು ಕಂಬದ ನಾಲ್ಕು ಗೊಂಚಲು ಹಾಕಿ, ಗೊಂಚಲುಗಳ ನಡುವೆ ಎರಡೆರಡು ಚೈನು ಬಿಟ್ಟರೆ ಮೊದಲ ಸುತ್ತು. ಮುಂದಿನ ಸುತ್ತಿನಲ್ಲಿ ಪ್ರತಿ ಮೂಲೆಯ ಸಂದಿಯೊಳಗೆ ಎರಡು ಗೊಂಚಲು, ಅವುಗಳ ನಡುವೆ ಮತ್ತೆ ಎರಡು ಚೈನು. ಅದರಾಚೆಗಿನ ಸುತ್ತುಗಳಲ್ಲಿ ಮೂಲೆಗೆ ಎರಡು, ಬದಿಯ ಪ್ರತಿ ಸಂದಿಗೆ ಒಂದು. ಹಾಗಾಗಿ ಗೊಂಚಲುಗಳ ಸಂಖ್ಯೆ 4, 8, 12, 16 ಎಂದು ಏರುತ್ತದೆ. ನೂಲಿನ ಖರ್ಚೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಮೊದಲ ಸುತ್ತು ಹೆಣೆದು, ಬಿಚ್ಚಿ, ಮೊಳ ಹಾಕಿ ನೋಡಿ. ಎರಡು ಮೊಳ ಹಿಡಿದಿದ್ದರೆ ಎರಡನೆಯ ಸುತ್ತಿಗೆ ನಾಲ್ಕು, ಮೂರನೆಯದಕ್ಕೆ ಆರು, ನಾಲ್ಕನೆಯದಕ್ಕೆ ಎಂಟು ಮೊಳ ಇದ್ದರೆ ಸಾಕು. ಈ ಲೆಕ್ಕ ಕೈಗೆ ಬಂದರೆ ಕವರಿನಲ್ಲಿರುವ ಯಾವ ತುಂಡು ಎಲ್ಲಿಗೆ ಎಂಬುದು ಕಣ್ಣಿಗೇ ಕಾಣುತ್ತದೆ. ಗಿಳಿಯ ಕೊಕ್ಕಿನ ಕೆಂಪು ಉಳಿದದ್ದು ಎರಡೇ ಮೊಳವಾದರೆ ಅದರ ಜಾಗ ಚೌಕದ ನಡುವೆ. ಮಧ್ಯಮ ತುಂಡುಗಳು ಒಳಸುತ್ತಿಗೆ, ಅರ್ಧ ಉಂಡೆಗಳು ಹೊರಸುತ್ತಿಗೆ. ಕೊನೆಯ ಸುತ್ತನ್ನು ಮಾತ್ರ ಎಲ್ಲ ಚೌಕಗಳಿಗೂ ಒಂದೇ ಬಣ್ಣದಲ್ಲಿ ಹಾಕಬೇಕು. ಅದಕ್ಕೆ ಒಂದು ಉಂಡೆ ಹೊಸದಾಗಿ ಕೊಳ್ಳಬೇಕಾಗಿ ಬಂದರೆ ಕೊಳ್ಳಿ, ಆ ಖರ್ಚು ಸಾರ್ಥಕ. ಕಪ್ಪು, ಕಡುಗಂದು ಅಥವಾ ಕೆನೆಬಣ್ಣದ ಒಂದೇ ಅಂಚು ಎಷ್ಟು ಬಗೆಯ ಬಣ್ಣಗಳಿದ್ದರೂ ಅವನ್ನು ಒಂದು ಮನೆಯವರಂತೆ ಕಾಣಿಸುತ್ತದೆ.

ಹೀಗೆ ಚೌಕ ಚೌಕ ಸೇರಿಸುತ್ತಾ ಹೋದರೆ ಎಷ್ಟು ದೊಡ್ಡದಾಗಬಹುದು? ಚೆನ್ನೈಯಲ್ಲಿ 2016ರ ಜನವರಿ 31ರಂದು ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಹೆಂಗಸರ ಬಳಗ ಹಾಸಿದ ಕ್ರೋಶಾ ಕಂಬಳಿಯ ವಿಸ್ತೀರ್ಣ 11,148.5 ಚದರ ಮೀಟರ್. ಎರಡೂಮುಕ್ಕಾಲು ಎಕರೆ ತೆಂಗಿನ ತೋಟದಷ್ಟು. ಗಿನ್ನೆಸ್ ದಾಖಲೆಯಾದ ಆ ಕಂಬಳಿಯ ತುಂಡುಗಳನ್ನು ಬೇರೆ ಬೇರೆ ಊರುಗಳ ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಕೂತು ಹೆಣೆದಿದ್ದರು.

ತುಂಡು ಸೇರಿಸಿ ಹೊದಿಕೆ ಮಾಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿ ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ ಇನ್ನೂ ವಿಶೇಷ. ಅವರು ಹೊರ ಅಂಚಿನಿಂದ ಶುರುಮಾಡಿ, ಹಳೆಬಟ್ಟೆಯ ತುಂಡುಗಳನ್ನು ಕೂರಿಸುತ್ತಾ ಸುತ್ತುಸುತ್ತಾಗಿ ನಡುವಿನ ಕಡೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನಗಳ ಹೂವಿಡುತ್ತಾರೆ. ಕ್ರೋಶಾದ ಚೌಕ ನಡುವಿನಿಂದ ಹೊರಗೆ ಬೆಳೆದರೆ ಕವಂದಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಯಾವ ತುಂಡು ಎಲ್ಲಿ ಕೂರಬೇಕೆಂಬುದನ್ನು ಮುಂಚೆ ನಕ್ಷೆ ಬರೆದು ನಿರ್ಧರಿಸುವುದಿಲ್ಲ, ಕೈಗೆ ಬಂದ ತುಂಡು ನೋಡಿ ನಿರ್ಧರಿಸುತ್ತಾರೆ. ಉಲ್ಲನ್ ಕೆಲಸದವರು ಕವಂದಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಣ್ಣಗಳು ಹೊಂದುತ್ತವೋ ಇಲ್ಲವೋ ಎಂಬ ಅಳುಕು ಕಡಿಮೆಯಾಗುತ್ತದೆ.

ಹತ್ತಿಯ ಗುಡ್ಡೆಯಲ್ಲಿ ಹೆಚ್ಚು ನೂಲಿದ್ದರೆ ಬಲೆಚೀಲ ಮಾಡಿ. ತಳಕ್ಕೆ ಅಂಗೈಯಗಲದ ಚಪ್ಪಟೆ ವೃತ್ತ, ಅದರ ಮೇಲೆ ಐದೈದು ಚೈನಿನ ಕುಣಿಕೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಬಲೆ, ಬಾಯಿಗೆ ಮತ್ತು ಹಿಡಿಗೆ ಒತ್ತಾದ ಗಿಡ್ಡ ಹೊಲಿಗೆ. ಖಾಲಿಯಿದ್ದಾಗ ಮುಷ್ಟಿಯಲ್ಲಿ ಅಡಗುತ್ತದೆ, ತುಂಬಿದಾಗ ನಾಲ್ಕು ತೆಂಗಿನಕಾಯಿ ಹಿಡಿಯುತ್ತದೆ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರ ಮಾರ್ಚ್ 11ರಂದು. ಸಂತೆಯಲ್ಲಿ ಆ ಚೀಲಗಳು ಇನ್ನೂ ಹಾರಾಡುತ್ತಿವೆ. ಇದೇ ಬಲೆಯನ್ನು ಸಣ್ಣದು ಮಾಡಿ ಅರ್ಧ ಚಿಪ್ಪಿಗೆ ತೊಡಿಸಿ ಜಗಲಿಯ ತೊಲೆಗೆ ತೂಗುಹಾಕಿದರೆ ದೊಡ್ಡಪತ್ರೆಯ ಸಸಿಗೆ ಕುಂಡವಾಗುತ್ತದೆ. ಚಿಪ್ಪಿನ ಕಣ್ಣೊಂದನ್ನು ಚುಚ್ಚಿಬಿಟ್ಟರೆ ನೀರು ನಿಲ್ಲುವುದಿಲ್ಲ.

ಒಂದು ವಸ್ತುವನ್ನು ಮಾತ್ರ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಉಳಿದ ಉಲ್ಲನ್ನಿನಲ್ಲಿ ಪಾತ್ರೆ ಉಜ್ಜುವ ಬಿಲ್ಲೆ ಹೆಣೆಯುವುದು ಈಗ ಎಲ್ಲೆಡೆ ಹಬ್ಬಿದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಯಂತ್ರದಲ್ಲಿ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದು. ಉಜ್ಜುವುದಕ್ಕೆಂದೇ ಮಾಡಿದ ಬಿಲ್ಲೆ ದಿನಾ ಸವೆಯುತ್ತದೆ. ಆ ಸವೆತ ಬಚ್ಚಲಿನಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ. ತೆಂಗಿನ ನಾರಿರುವ ನಾಡಿನಲ್ಲಿ ಪಾತ್ರೆ ಉಜ್ಜಲು ಪ್ಲಾಸ್ಟಿಕ್ ನೂಲು ಏಕೆ ಬೇಕು? ಹಿಡಿ ನಾರನ್ನು ಸುತ್ತಿ ಉಂಡೆ ಮಾಡಿಕೊಳ್ಳುವ ಹಳೆಯ ಅಭ್ಯಾಸ ಕೈಬಿಡುವಂಥದ್ದಲ್ಲ.

ಅಕ್ರಿಲಿಕ್ ಗುಡ್ಡೆಯ ಸಣ್ಣ ತುಂಡುಗಳಿಗೆ ನನ್ನ ಮೆಚ್ಚಿನ ಜಾಗ ಕೊಟ್ಟಿಗೆ. ಅಮೃತ್ ಮಹಲ್ ತಳಿಯ ಸಾಕಣೆ ಕೇಂದ್ರವಿರುವ ಕೊನೇಹಳ್ಳಿ ತಿಪಟೂರು ತಾಲ್ಲೂಕಿನಲ್ಲೇ ಇದೆ. ಹಳ್ಳಿಕಾರ್ ಎತ್ತುಗಳ ಮೇಲೆ ಪ್ರಾಣ ಇಟ್ಟುಕೊಂಡ ಮನೆಗಳು ಈ ಸೀಮೆಯಲ್ಲಿ ಇನ್ನೂ ಇವೆ. ಸಂಕ್ರಾಂತಿ ಬಂತೆಂದರೆ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ. ಅಂಗಡಿಯ ಗೊಂಡೆಸರದ ಬದಲು ಮನೆಯಲ್ಲೇ ಮಾಡಬಹುದು. ಎರಡು ಬೆರಳಗಲದ ಗಿಡ್ಡ ಹೊಲಿಗೆಯ ಪಟ್ಟಿಯನ್ನು ಎರಡೆಳೆ ನೂಲಿನಲ್ಲಿ ಬಿಗಿಯಾಗಿ ಹೆಣೆಯಬೇಕು. ಆರೆಂಟು ಬಣ್ಣದ ಚೂರುಗಳನ್ನು ಒಟ್ಟಿಗೆ ಬೆರಳಿಗೆ ಸುತ್ತಿ, ನಡು ಬಿಗಿದು, ತುದಿ ಕತ್ತರಿಸಿ ಗೊಂಡೆ ಮಾಡಿ ಪಟ್ಟಿಗೆ ಸಾಲಾಗಿ ಕಟ್ಟಬೇಕು. ಕಡ್ಡಿಯಲ್ಲಿ ಹೆಣೆಯಲಾಗದಷ್ಟು ಗಿಡ್ಡ ಎಳೆಗಳೂ ಇಲ್ಲಿ ಸಲ್ಲುತ್ತವೆ. ಬಹಳ ಮುಖ್ಯವಾದ ಮಾತೊಂದಿದೆ: ಸಂಜೆ ಕಿಚ್ಚು ಹಾಯಿಸುವ ಮುಂಚೆ ಉಲ್ಲನ್ನಿನ ಸಿಂಗಾರವನ್ನೆಲ್ಲ ಬಿಚ್ಚಿಡಲೇಬೇಕು. ಕರಗಿದ ಅಕ್ರಿಲಿಕ್ ಮೂಕಪ್ರಾಣಿಯ ಚರ್ಮಕ್ಕೆ ಅಂಟಿದರೆ ಆಗುವ ಗಾಯ ಸಾಮಾನ್ಯದ್ದಲ್ಲ. ದೇವರ ಮನೆಯ ದೀಪದ ಹತ್ತಿರ ತೂಗುವ ಪರದೆಗೂ ಇದೇ ಎಚ್ಚರಿಕೆ ಬೇಕು.

ನೂಲು ಉಳಿದದ್ದು, ಕೈಯಲ್ಲ

ಇಷ್ಟೆಲ್ಲ ಮಾಡಿದ ಮೇಲೆ ಒಂದಿಷ್ಟನ್ನು ಮಾರೋಣ ಎಂಬ ಯೋಚನೆ ಬರುವುದು ಸಹಜ. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾದಾಗಿನಿಂದ ಹಳ್ಳಿಹಳ್ಳಿಗಳಲ್ಲಿ ಸಂಘಗಳಿವೆ. ಅವುಗಳ ಮಳಿಗೆಗಳಲ್ಲಿ ತೋರಣ, ಚೀಲ, ಕುಲಾವಿ ಕಾಣಿಸುತ್ತಲೇ ಇರುತ್ತವೆ. ಬೆಲೆ ಕೇಳಿದರೆ ಹೆಣೆದವರೇ ಕುಗ್ಗುತ್ತಾರೆ. ಉಳಿದ ನೂಲಿನಲ್ಲಿ ಮಾಡಿದ್ದು, ಏನೋ ಕೊಡಿ ಅನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಇದೇ ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಸಾಕ್ಷಿಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳಿಂದ ಬಂದ ಕ್ರೋಶಾ ಲೇಸು ಅಲ್ಲಿ ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ನರಸಾಪುರದ ಲೇಸು ಹೊರದೇಶಗಳ ಅಂಗಡಿ ಸೇರಿತು, 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆದರೆ ಹೆಣೆದವರ ಕಥೆ ಬೇರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಓಡಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕ ಅದನ್ನು ಬಿಡಿಸಿ ಹೇಳುತ್ತದೆ. ದಿನದಲ್ಲಿ ಹಲವು ಗಂಟೆ ಜಗತ್ತಿನ ಮಾರುಕಟ್ಟೆಗಾಗಿ ದುಡಿಯುತ್ತಿದ್ದ ಹೆಂಗಸರನ್ನು ಸುತ್ತಲಿನವರು ಮನೆಯಲ್ಲಿ ಸುಮ್ಮನೆ ಕೂತವರು ಎಂದೇ ಎಣಿಸುತ್ತಿದ್ದರು. ಕೆಲಸ ಬಿಡುವಿನದೆಂದು ಹೆಸರಾದ್ದರಿಂದ ಕೂಲಿಯೂ ಅಷ್ಟಕ್ಕಷ್ಟೇ ಆಯಿತು. ವ್ಯಾಪಾರ ಮಾಡಿದವರು ಗಂಡಸರು.

ಕ್ರೋಶಾದ ವಿಷಯದಲ್ಲಿ ಇದು ಇನ್ನೂ ನೋಯಿಸುವುದು ಏಕೆಂದರೆ, ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದರೂ ಮಾರುಕಟ್ಟೆಗೆ ಬರುವ ಕ್ರೋಶಾ ಇಂದಿಗೂ ಕೈಕೆಲಸವೇ. ಕೊಕ್ಕೆ ಎಲ್ಲಿ ಬೇಕಾದರೂ ತೂರಿ, ಯಾವ ದಿಕ್ಕಿನಿಂದಾದರೂ ಕುಣಿಕೆ ಎಳೆಯುವ ಚಲನೆಯನ್ನು ಕಾರ್ಖಾನೆಯ ಯಂತ್ರಕ್ಕೆ ಕಲಿಸುವುದು ಕಷ್ಟ. ಹಾಗಾಗಿ ದೊಡ್ಡ ಅಂಗಡಿಯಲ್ಲಿ ಕ್ರೋಶಾದ ಚೀಲ ಅಗ್ಗಕ್ಕೆ ಸಿಕ್ಕರೆ ಎಲ್ಲೋ ಒಬ್ಬಳ ಕೈಗೆ ಕಡಿಮೆ ಸಿಕ್ಕಿದೆ ಎಂದು ಅರ್ಥ. ದಬ್ಬೇಘಟ್ಟದ ಹೆಣ್ಣುಮಗಳು ಬಲೆಚೀಲಕ್ಕೆ ಬೆಲೆ ಕಟ್ಟುವಾಗ ನೂಲಿನ ಲೆಕ್ಕ ಸೊನ್ನೆಯಾದರೂ ಇರಲಿ, ಎಷ್ಟು ಗಂಟೆ ಹಿಡಿಯಿತೆಂಬುದನ್ನು ಬರೆದಿಡಬೇಕು. ತೋಟದಲ್ಲಿ ಅಷ್ಟೇ ಹೊತ್ತಿನ ಕೆಲಸಕ್ಕೆ ಕೊಡುವ ಕೂಲಿ ಎಷ್ಟೋ, ಚೀಲದ ಬೆಲೆ ಅದಕ್ಕಿಂತ ಇಳಿಯಬಾರದು. ಆ ಬೆಲೆಗೆ ಕೊಳ್ಳುವವರು ಸಿಗದಿದ್ದರೆ ಮನೆಯಲ್ಲೇ ಬಳಸಬಹುದು, ಇಷ್ಟದವರಿಗೆ ಕೊಡಬಹುದು.

ಒಬ್ಬರ ಕವರಿನಿಂದ ಆಗದ ಕೆಲಸ ನಾಲ್ಕು ಕವರು ಸೇರಿದರೆ ಆಗುತ್ತದೆ. ವಾರದ ಉಳಿತಾಯ ಕಟ್ಟಲು ಸಂಘದವರು ಸೇರುವ ದಿನವೇ ನೂಲು ತಂದರೆ ಬೇರೆ ಹೊತ್ತು ಬೇಕಾಗಿಲ್ಲ.

“ಅಕ್ಕಾ, ಗಿಳಿಹಸಿರು ಒಂದು ಚೂರು ಐತಾ?”

“ಐತೆ ಕಣೇ, ನಿನ್ನ ಹಳದಿ ಕೊಡು, ತಗಂಡೋಗು.”

ಕಣ್ಣಳತೆಯಲ್ಲಿ ಕೊಟ್ಟು ತೆಗೆದುಕೊಂಡರೆ ಆಮೇಲೆ ಮನಸ್ಸಿಗೆ ಕಸಿವಿಸಿ. ಆದ್ದರಿಂದ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ಗ್ರಾಮಿಗೆ ಗ್ರಾಮು ಬದಲಿಸುವುದು ಒಳ್ಳೆಯದು. ಹತ್ತಿಗೆ ಹತ್ತಿ, ಅಕ್ರಿಲಿಕ್ಕಿಗೆ ಅಕ್ರಿಲಿಕ್. ಪ್ರತಿ ಉಂಡೆಗೂ ಒಂದು ಚೀಟಿ ಸಿಕ್ಕಿಸಿ ಜಾತಿಯನ್ನೂ ತೂಕವನ್ನೂ ಬರೆದಿಟ್ಟರೆ ಮತ್ತೆ ಕಡ್ಡಿ ಗೀರಿ ಸುಡುವ ಅಗತ್ಯ ಬೀಳುವುದಿಲ್ಲ.

ಇನ್ನು ಉಳಿಯುವುದು ತುದಿಗಳು. ಬಣ್ಣ ಬದಲಿಸಿದಲ್ಲೆಲ್ಲ ನಾಲ್ಕು ಬೆರಳಿನಷ್ಟು ಎಳೆ ಬಿಡಲೇಬೇಕು. ಅದಕ್ಕಿಂತ ಗಿಡ್ಡ ಬಿಟ್ಟರೆ ತೊಳೆದಾಗ ಜಾರಿ ಬಿಚ್ಚುತ್ತದೆ. ಈ ಎಳೆಯನ್ನು ಮುಂದಿನ ಸುತ್ತಿನ ಹೊಲಿಗೆಯೊಳಗೇ ಸೇರಿಸಿ ಹೆಣೆದುಬಿಟ್ಟರೆ ಕೊನೆಗೆ ಕೂತು ಸೂಜಿಯಲ್ಲಿ ಅಡಗಿಸುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಉಳಿಕೆ ನೂಲಿನ ಹೊದಿಕೆಗಳು ಮುಗಿಯದೆ ಮೂಲೆ ಸೇರುವುದು ಹೆಚ್ಚಾಗಿ ಈ ತುದಿಗಳ ಬೇಸರಕ್ಕೇ. ಎಲ್ಲ ಮುಗಿದು ಕತ್ತರಿಸಿ ಬಿದ್ದ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ಡಬ್ಬಿ ತುಂಬಿದಾಗ ಎರಡು ಬಿಲ್ಲೆಗಳನ್ನು ಅಂಚು ಸೇರಿಸಿ ಹೆಣೆದು, ಮುಚ್ಚುವ ಮುಂಚೆ ಚೂರುಗಳನ್ನು ಒತ್ತಿ ತುಂಬಿದರೆ ಹೊಲಿಗೆ ಸೂಜಿ ಚುಚ್ಚಿಡುವ ದಿಂಬು ಸಿದ್ಧ.